ಬೆಂಡು ಅಂದರೆ ಹೀಗಿರಬೇಕು

ಅಕ್ಕನ ಗಂಡನನ್ನು ಮೀನು ಹಿಡಿಯಲು ಕರೆದುಕೊಂಡು ಹೋಗಲೇಬಾರದು. ನಾನು ಹೋದೆ. ಹಳ್ಳ ಚಿಕ್ಕದಾದರೂ ಸೆಳೆತ ಜೋರು. ಭಾವನ ಬಾಯಿ ಅದಕ್ಕಿಂತ ಜೋರು. ಮೊಬೈಲು, ಹೊಸ ಚಪ್ಪಲಿ, ವಾಚು ಯಾವುದೂ ನೆನೆಯಬಾರದೆಂದು ಎಲ್ಲವನ್ನೂ ನನ್ನ ಕಾವಲಿಗೆ ಬಿಟ್ಟು, ಅವರು ಮುಂದಿನ ಬಂಡೆಯ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟರು. ನನ್ನ ಗಾಳದ ದಾರಕ್ಕೆ ತೇಲಲೆಂದು ಕಟ್ಟಿದ್ದ ಕಪ್ಪು ಬೆಂಡು ಸೆಳೆತಕ್ಕೆ ಮುಳುಗಿ ಕಾಣಿಸಲೇ ಇಲ್ಲ.

“ಅದೇನಯ್ಯಾ, ಬೆಂಡೋ ಇದ್ದಿಲೋ? ಬೆಂಡು ಅಂದ್ರೆ ಹಗುರವಾಗಿರ್ಬೇಕು. ಕಣ್ಣಿಗೆ ಹೊಡೆಯೋ ಬಣ್ಣ ಇರ್ಬೇಕು.”

“ಈ ಕಾಡಲ್ಲಿ ಅಂಥದ್ದು ಎಲ್ಲಿಂದ ತರ್ಲಿ ಭಾವ?”

“ಸ್ವಲ್ಪ ತಲೆ ಓಡಿಸು. ಎಲ್ಲಾ ನಾನೇ ಹೇಳ್ಬೇಕಾ?”

ಓಡಿಸಿದೆ. ಹೊಸ ಬೆಂಡು ಕಿತ್ತಳೆ ಬಣ್ಣದಲ್ಲಿ ಕುಣಿಯುತ್ತಾ ಸುಳಿ ದಾಟಿ ಗಬಕ್ಕನೆ ಮುಳುಗಿತು. ಎಳೆದೆ. ಮೊಳದುದ್ದದ ಮೀನು!

“ನೋಡಿದ್ಯಾ! ಯಾರ ಐಡಿಯಾ?”

“ನಿಮ್ಮದೇ ಭಾವ.”

ಮುಂದಿನ ಸಲ ದಾರ ಬಂಡೆಗೆ ಸಿಕ್ಕಿ ಹರಿದು, ಬೆಂಡು ತೇಲಿಕೊಂಡು ಹೋಯಿತು.

“ಹೋದ್ರೆ ಹೋಗ್ಲಿ, ಇನ್ನೊಂದು ಮಾಡು.”

ಇನ್ನೊಂದೂ ಹೋಯಿತು. ಭಾವ ಹಿಂದೆ ತಿರುಗಿಯೂ ನೋಡಲಿಲ್ಲ. ಅವರ ಮನಸ್ಸು ಆಗಲೇ ಮೀನಿನ ಸಾರಿಗೆ ಹುಣಸೆಹುಳಿ ಹಿಂಡುತ್ತಿತ್ತು.

“ಜಿಪುಣತನ ಮಾಡ್ಬೇಡ ಮಾರಾಯ, ದೊಡ್ಡದಾಗೇ ಕತ್ತರಿಸು!”

ದೊಡ್ಡದಾಗಿಯೇ ಕತ್ತರಿಸಿದೆ. ಎರಡನೇ ಮೀನು ಸಿಕ್ಕಿತು. ಮೂರನೆಯದು ಬೆಂಡಿನ ಸಮೇತ ದಾರ ಕಿತ್ತುಕೊಂಡು ಓಡಿಹೋಯಿತು.

“ಮತ್ಯಾಕೆ ಸುಮ್ನೆ ನಿಂತೆ?”

“ಎಡಗಾಲಿನ ಚಪ್ಪಲಿ ಮುಗೀತು ಭಾವ. ಬಲಗಾಲಿಂದು ಶುರು ಮಾಡ್ಲಾ?”