ನಾಗಣಸೂರಿನಲ್ಲಿ ಯಾರೂ ಬಿದ್ದಿಲ್ಲ

“ನನ್ನ ಕೆಡವೋ ನೆಲ ಇನ್ನಾ ಹುಟ್ಟಿಲ್ಲ ಯವ್ವಾ! ಕಿಲ್ಲಾರಿ ಭೂಕಂಪದಾಗ ಭೂಮಿ ಗಡಗಡ ಅಂತ ಈ ಕಡೆ ಹೊಂಟಿತ್ತು. ನಾ ನಾಗಣಸೂರ ಶೀಮಿಯೊಳಗ ಕೋಲು ಊರಿ ನಿಂತೆ ನೋಡು, ಅಲ್ಲಿಗೇ ನಿಂತುಬಿಡ್ತು. ಕರ್ನಾಟಕ ಉಳೀತು. ಆ ಮಂದಿ ಒಂದು ಶಾಲು ಸುದ್ದಾ ಹೊಚ್ಚಲಿಲ್ಲ!”

ಎಪ್ಪತ್ತಾರರ ಧರೆಪ್ಪ ಕುರಿಹಟ್ಟಿಯ ಮುಂದೆ ಕಂಬಳಿಯ ಮೇಲೆ ಕೂತು ಮೀಸೆ ತಿರುವಿದ. ಎದುರಿಗೆ ಕೂತ ಪೂನಮ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಸೋಲಾಪುರದ ಚಾದರ ವ್ಯಾಪಾರಿಗಳ ಮನೆಯ ಈ ಇಂಜಿನಿಯರ್ ಹುಡುಗಿ ಒಂದು ಸಮಿತಿಯ ಪರವಾಗಿ ಬಂದವಳು. ವಯಸ್ಸಾದವರು ಕಟ್ಟಿಕೊಳ್ಳುವ ಕೈಪಟ್ಟಿ ಹೇಗಿರಬೇಕು, ಯಾವುದನ್ನು ‘ಬಿದ್ದದ್ದು’ ಎಂದು ತಿಳಿದು ಮನೆಯವರ ಫೋನಿಗೆ ಸುದ್ದಿ ಮುಟ್ಟಿಸಬೇಕು ಎಂದು ಇಡೀ ದೇಶಕ್ಕೊಂದು ಮಾನಕ ಬರೆಯುವ ಸಮಿತಿ ಅದು. ಹಳ್ಳಿಯ ಹಿರಿಯರು ನಿಜಕ್ಕೂ ಹೇಗೆ ಬೀಳುತ್ತಾರೆಂದು ತಿಳಿದುಕೊಂಡು ಹೋಗುವುದಷ್ಟೇ ಅವಳ ಕೆಲಸ. ಆದರೆ ವಾರವಿಡೀ ಅಲೆದರೂ ಈ ಊರಿನಲ್ಲಿ ಬಿದ್ದವರೇ ಇಲ್ಲ! ಮುದುಕರೆಲ್ಲ ತಾಯಿಯ ಹೊಟ್ಟೆಯಿಂದಲೇ ನೆಟ್ಟಗೆ ನಡೆದು ಬಂದವರಂತೆ, ಇನ್ನೂ ನಡೆಯುತ್ತಲೇ ಇದ್ದಾರಂತೆ.

ಪರೀಕ್ಷೆಗೆಂದು ಅವಳು ಧರೆಪ್ಪನ ಕೈಗೆ ಕಟ್ಟಿದ ಪಟ್ಟಿಯೋ ಅವನಿಗಿಂತ ದೊಡ್ಡ ಸುಳ್ಳುಗಾರ. ಅದಕ್ಕೆ ಕುರ್ಚಿಯ ಮೇಲೆ ಕೂರುವುದನ್ನು ಮಾತ್ರ ಕಲಿಸಿದ್ದರು. ಅವನು ಧೊಪ್ಪೆಂದು ನೆಲಕ್ಕೆ ಕೂತರೆ ‘ಬಿದ್ದ’ ಅಂತ ಬಡಕೊಳ್ಳುತ್ತಿತ್ತು, ಕುಲದೇವರು ಬೀರೋಬನಿಗೆ ಉದ್ದಂಡ ನಮಸ್ಕಾರ ಹಾಕಿದರೆ ‘ಸತ್ತೇಹೋದ’ ಎಂಬಂತೆ ಬಡಕೊಳ್ಳುತ್ತಿತ್ತು. ಆ ಕೂಗಿಗೆ ದುಧನಿ ಸ್ಟೇಶನ್ನಿನ ರೈಲು ಬೆಚ್ಚಿ ಬ್ರೇಕು ಹಾಕಿದ್ದೂ ಉಂಟು. ಜೊತೆಗೆ ಮಗ ಸಿದ್ದಣ್ಣನಿಗೆ ಫೋನು.

ಈಗಲೂ ಅದೇ ಆಗಿತ್ತು. ಸಿದ್ದಣ್ಣ ಕಬ್ಬಿನ ಹೊಲದಿಂದ ಏದುಸಿರು ಬಿಡುತ್ತ ಓಡಿ ಬಂದ.

“ಮತ್ತ ಕುಂತೇನು?”

“ಕುಂತೆ. ಕುಂಡ್ರೂದು ಸುದ್ದಾ ಗುನ್ಹೆ ಏನಲೇ?”

“ಕಂಟಾಳಾ ಬಂತ್ರಿ, ಸಾಕಾಗಿ ಹೋತು ಮ್ಯಾಡಂ, ನಿಮ್ಮ ಯಂತ್ರದ ಸಲುವಾಗಿ! ಇದು ಒಂದು ಸಲ ಖರೇ ಬಡಕೊಳ್ಳಲಿ, ಮರುದಿನಾನ ಕುರಿ ಎಲ್ಲಾ ಅಕ್ಕಲಕೋಟ ಬಾಜಾರಕ್ಕ, ಅಪ್ಪ ಮನ್ಯಾಗ. ಅಲ್ಲಿ ಮಟಾ ನನ್ನ ಓಡಸಬ್ಯಾಡ್ರಿ.” ಸಿದ್ದಣ್ಣ ಬಂದ ದಾರಿಯಲ್ಲೇ ಧೂಳೆಬ್ಬಿಸಿ ಹೋದ.

ಬಾಜಾರ ಎಂದದ್ದೇ ತಡ, ಧರೆಪ್ಪನ ಕೈ ಮೀಸೆಯಿಂದ ಕೆಳಗಿಳಿಯಿತು.

“ಅಜ್ಜಾ, ನಾಳಿ ಮೀಟಿಂಗ್ ಅದ,” ಪೂನಮ ಹಲ್ಲು ಕಚ್ಚಿ ಹೇಳಿದಳು. “ಇಲ್ಲಿಂದ ನಾ ಏನೂ ಒಯ್ಯಲಿಲ್ಲಾಂದ್ರ, ಸಾಹೇಬ್ರು ಕುರ್ಚಿ ಮ್ಯಾಲ ಕುಂತು ಬರದದ್ದೇ ಪಕ್ಕಾ ಆಗ್ತದ. ಬೀಳೂದು ಬ್ಯಾಡ, ಕುಂತಾವ್ರು ಹೆಂಗ ಏಳ್ತೀರಿ, ಅದನ್ನರ ತೋರಸ್ರಿ.”

“ಏಳೂದೇನು ದೊಡ್ಡದವ್ವಾ! ಒಮ್ಮೆ ಭಂಡಾರಕವಠೆ ಕಡೆ ತೋಳ ಬಂದಿತ್ತು...”

ತೋಳದ ಕತೆ ಶುರುವಾಯಿತು. ಹೆಂಡತಿ ಸುಗಲಾಬಾಯಿ ಊಟಕ್ಕೆ ಕರೆದಳು. “ಇಲ್ಲೇ ತಾ” ಎಂದ. ರೊಟ್ಟಿ ಬರುವಷ್ಟರಲ್ಲಿ ತೋಳ ಹುಲಿಯಾಗಿತ್ತು. ರೊಟ್ಟಿ ಮುಗಿಯುವಷ್ಟರಲ್ಲಿ ಹುಲಿಗೆ ಸಂಸಾರ ಬೆಳೆದಿತ್ತು. ಪೂನಮ ಗಡಿಯಾರ ನೋಡಿದಳು, ಆಕಾಶ ನೋಡಿದಳು, ಕೊನೆಗೆ ತನ್ನ ಹಣೆಬರಹವನ್ನೇ ನೋಡುವವಳಂತೆ ಕಣ್ಣು ಮುಚ್ಚಿದಳು.

ಅಷ್ಟರಲ್ಲಿ ಹಟ್ಟಿಯ ಮುಳ್ಳುಬೇಲಿ ಸರಿದು ಕುರಿಗಳೆಲ್ಲ ಪಕ್ಕದವರ ಜೋಳಕ್ಕೆ ನುಗ್ಗಿದವು. ಧರೆಪ್ಪ ಸೀಟಿ ಹೊಡೆದ. ಗಂಟಲು ಹರಿಯುವಂತೆ ಕೂಗಿದ. ಕೋಲೆತ್ತಿ ಗಾಳಿಗೆ ಹೊಡೆದ. ಏಳಲಿಲ್ಲ. ಸುಗಲಾಬಾಯಿಯೇ ಮುಸುರೆ ಕೈಯಲ್ಲಿ ಸೆರಗು ಸಿಕ್ಕಿಸಿ ಓಡಿದಳು.

ಪೂನಮಳಿಗೆ ಕುರಿಯ ಬಗ್ಗೆ ಏನೂ ತಿಳಿಯದು. ಆದರೂ ಕುರಿ ಕಂಡವರ ಜೋಳ ಮೇಯುತ್ತಿರುವಾಗ ಕೂತೇ ಇರುವ ಕುರುಬ ಮೂರು ಲೋಕದಲ್ಲೂ ಇಲ್ಲವೆಂಬುದು ಅವಳಿಗೂ ಹೊಳೆಯಿತು.

“ಅಜ್ಜಾ,” ದನಿ ತಗ್ಗಿಸಿದಳು, “ಏಳಾಕ ಬರವಲ್ದೇನು?”

ಧರೆಪ್ಪ ಕಬ್ಬಿನ ಕಡೆ ಕತ್ತು ಚಾಚಿದ. “ಸಿದ್ದಣ್ಣ ದೂರ ಹೋದನೇನು?”

“ಹೋದ್ರು.”

“ನಿನ್ನಿ ಹಳ್ಳದ ದಂಡಿಗೆ ಬಿದ್ದೆ. ಧಪ್ ಅಂತಲ್ಲ. ಮೊಣಕಾಲು ಸೋತು, ಕೋಲು ಹಿಡಕೊಂಡ ಸಾವಕಾಶ ಜಾರಿದೆ, ಗ್ವಾಡಿಗುಂಟ ಎಣ್ಣಿ ಇಳದಂಗ. ಬಿಸಲು ಇಳಿಯೂ ಮಟಾ ಅಲ್ಲೇ ಬಿದ್ದಿದ್ದೆ. ಕುಂತರ ಊರು ಎಬ್ಬಸೂ ಈ ಹಲ್ಕಟ್ಟ ಆಗ ಪಿಟ್ ಅನ್ನಲಿಲ್ಲ.” ಪಟ್ಟಿಗೆ ಒಂದು ಮೊಟಕಿದ. “ಕಡೀಕ ಟಗರಿನ ಕೋಡು ಹಿಡಕೊಂಡು ಎದ್ದೆ. ಇವತ್ತ ರೂಢಿ ಮ್ಯಾಲ ಕುಂತುಬಿಟ್ಟೆ ನೋಡವ್ವಾ. ಟಗರು ಅತ್ಲಾಗ ಹಟ್ಟ್ಯಾಗ ಉಳೀತು.”

“ಒದರಬೇಕಾಗಿತ್ತಲ್ರೀ!”

“ಒದರಿದ್ರ ಮಗಾ ಬರ್ತಿದ್ದ. ಮಗಾ ಬಂದ್ರ ಕುರಿ ಹೋಗ್ತಿದ್ವು.”

ವಾರದಿಂದ ಈ ಊರಿನ ಮುದುಕರ ಮೇಲೆ ಕಾಯ್ದಿಟ್ಟ ಪೂನಮಳ ಸಿಟ್ಟೆಲ್ಲ ಈಗ ಆ ಪಟ್ಟಿಯ ಮೇಲೆ ತಿರುಗಿತು. “ಇದನ್ನ ಹೇಳತೀನ್ರಿ ಮೀಟಿಂಗಿನಾಗ. ಸಾವಕಾಶ ಜಾರಿದ್ರೂ ಗುರುತು ಹಿಡೀಬೇಕು ಅಂತ.”

“ಹೇಳು. ಆದರ ಇಷ್ಟೂ ಹೇಳು: ಬಿದ್ದಾವ ನಾ. ಯಾರಿಗೆ ತಿಳಸಲಿ ಅಂತ ಅದು ಮೊದಲ ನನಗ ಕೇಳಬೇಕು.”

“ಕೇಳ್ತು ಅನ್ರಿ. ಯಾರಿಗೆ ತಿಳಸು ಅಂತೀರಿ?”

ಧರೆಪ್ಪ ಜೋಳದ ಹೊಲದತ್ತ ನೋಡಿದ. ಸುಗಲಾಬಾಯಿ ಗಂಡನಿಗೂ ಕುರಿಗಳಿಗೂ ಒಂದೇ ಬೈಗುಳ ಹಂಚುತ್ತ ಹಿಂಡನ್ನು ಅಟ್ಟಿಕೊಂಡು ಬರುತ್ತಿದ್ದಳು.

“ಆಕಿಗೆ,” ಎಂದ. ಆಮೇಲೆ, ಪಟ್ಟಿಗೂ ಕೇಳಿಸಬಾರದೆಂಬಂತೆ ದನಿ ಸಣ್ಣ ಮಾಡಿದ. “ಆದರ ಆಕಿಗೆ ನಾ ಫೋನ್ ಕೊಡಿಸಿಲ್ಲ.”