ಎಣ್ಣೆ ಬಾಟಲಿಯ ಮೇಲಿನ ನಗೆ

ಮೊದಲ ನಾಟಕ ಆಡಿದ ಹುಮ್ಮಸ್ಸಿನಲ್ಲಿದ್ದಾಗ ಕುಮುದಾ, ಓದದೆ ಗೀದದೆ, ತಲೆಗೆ ಹಚ್ಚುವ ಎಣ್ಣೆಯ ಕಂಪನಿಯೊಂದರ ಕರಾರಿಗೆ ಸಹಿ ಹಾಕಿಬಿಟ್ಟಿದ್ದಳು. ಮೊಣಕಾಲು ಮುಟ್ಟುವ ಕೂದಲು, ಕೆನ್ನೆಯಲ್ಲಿ ಗುಳಿ ಬೀಳುವ ನಗೆ. ಅವಳ ಚಿತ್ರ ಬಾಟಲಿ ಬಾಟಲಿಯ ಮೇಲೂ ಕೂತಿತು.

ಈಗ ಅವಳು ಹೆಸರಾಂತ ನಟಿ. ಎಣ್ಣೆ ಮಾತ್ರ ಕಲಬೆರಕೆಯಾಗಿ, ಹಚ್ಚಿದವರ ಕೂದಲು ಉದುರುತ್ತಿತ್ತು. "ನಿನ್ನ ಮುಖ ನೋಡಿ ಕೊಂಡ್ವಲ್ಲೇ ಮಹರಾಯ್ತಿ!" ಎಂದು ಹೆಂಗಸರು ಗುಡಿಯ ಬಾಗಿಲಲ್ಲೇ ಶಪಿಸುತ್ತಿದ್ದರು. ದೇವರೆದುರು ಕಣ್ಣೆತ್ತಿ ನಿಲ್ಲಲೂ ಅವಳಿಗೆ ನಾಚಿಕೆ.

ಕೊನೆಗೆ ಕಂಪನಿಯ ಯಜಮಾನನ ಮುಂದೆ ಹೋಗಿ ನಿಂತಳು. "ಸಾಹುಕಾರ್ರೇ, ನನ್ನ ಚಿತ್ರ ತೆಗೆದುಬಿಡಿ."

"ಅದು ನಿಂದಲ್ಲಮ್ಮ, ನಮ್ದು. ಸಹಿ ಹಾಕುವಾಗ ಕಣ್ಣು ಎಲ್ಲಿಟ್ಟಿದ್ದೆ? ನೀನು ಸತ್ತರೂ ಆ ಮುಖ ನನ್ನ ಎಣ್ಣೆ ಮಾರ್ತದೆ." ಅವನು ಕಿಸಕ್ಕನೆ ನಕ್ಕ.

"ಚಿತ್ರ ನಿಮ್ಮದೇ ಆಗಲಿ. ಈ ಕೂದಲು?"

"ನಿನ್ನ ಕೂದಲು ಕಟ್ಕೊಂಡು ನಂಗೇನಾಗ್ಬೇಕು? ಜಡೆ ಹಾಕ್ಕೋ, ಹೂ ಮುಡ್ಕೋ, ಹೋಗು."

ಅವಳು ಕೈಮುಗಿದು ಹೊರಬಂದಳು.

ಮಾರನೆಯ ಬೆಳಿಗ್ಗೆ ಅವಳು ಬೆಟ್ಟದ ದೇವರಿಗೆ ಹರಕೆ ತೀರಿಸಲು ಬಂದ ಸುದ್ದಿ ಕೇಳಿ, ಟಿವಿಯವರೆಲ್ಲ ಮೆಟ್ಟಿಲ ಬುಡದಲ್ಲಿ ಕ್ಯಾಮೆರಾ ಹಿಡಿದು ಕಾದಿದ್ದರು. ತಲೆತುಂಬ ಸೆರಗು ಹೊದ್ದು ಇಳಿದುಬಂದ ಕುಮುದಾ, ಒಂದು ಗಳಿಗೆ ಕಣ್ಮುಚ್ಚಿ ದೇವರನ್ನು ನೆನೆದಳು. ಆಮೇಲೆ ಸೆರಗು ಜಾರಿಸಿ, ಮುಡಿ ಕೊಟ್ಟು ನುಣ್ಣಗಾಗಿದ್ದ ತಲೆಯ ಪಕ್ಕದಲ್ಲಿ ಆ ಎಣ್ಣೆಯ ಬಾಟಲಿ ಎತ್ತಿಹಿಡಿದು, ಅದರ ಮೇಲಿದ್ದ ನಗೆಯನ್ನೇ ನಕ್ಕಳು.