ಹಣೆಯ ಭಂಡಾರ

ಸೋಡಾ ನೀರು ಬಿದ್ದದ್ದೇ ತಡ, ನಳಿಕೆಯೊಳಗಿನ ನೀಲಿ ದ್ರಾವಣ ಕಣ್ಣು ಮಿಟುಕಿಸುವುದರೊಳಗೆ ಹಳದಿಯಾಗಿಬಿಟ್ಟಿತು. "ಬಂತ್ರೀ ಮೇಡಂ, ಬಂತು!" ಎಂದು ಶುಭಾಂಗಿ ಸೋಲಾಪುರದ ಆ ಪ್ರಯೋಗಾಲಯದ ಗಾಜೆಲ್ಲ ಅದುರುವಂತೆ ಕೂಗಿದಳು. ಮೊಟ್ಟೆಯೊಳಗೆ ಬೆಳೆಯುವ ಕೋಳಿಮರಿಯ ಮಿದುಳು ತನ್ನ ಆಮ್ಲವನ್ನು ಹದದಲ್ಲಿಡುವ ಕಿಣ್ವವನ್ನು ಯಾವಾಗ ಪಡೆಯುತ್ತದೆ ಎಂಬುದೇ ಅವಳ ಹುಡುಕಾಟ. ಮಿದುಳಿನ ರಸದಲ್ಲಿ ಅದು ಇದ್ದರೆ ಸೋಡಾ ನೀರಿನ ಅನಿಲ ಬೇಗ ಆಮ್ಲವಾಗಿ ನೀಲಿ ಹಳದಿಗೆ ತಿರುಗುತ್ತದೆ; ಇನ್ನೂ ಎಳೆಯ ಮಿದುಳುಗಳ ರಸ ಹಾಕಿದಾಗ ನೀಲಿ ಹೀಗೆ ಥಟ್ಟನೆ ತಿರುಗಿರಲಿಲ್ಲ.

ಅವಳ ಮಾರ್ಗದರ್ಶಿ ನೀಲಗಂಗಾ ಮೇಡಂ ನಳಿಕೆಯನ್ನಲ್ಲ, ಅವಳ ಹಣೆಯನ್ನು ನೋಡಿದರು. ಮುಂಜಾನೆ ತನ್ನೂರು ಕುಂಭಾರಿಯಲ್ಲಿ ಅಕ್ಕಲಕೋಟದಿಂದ ಸೋಲಾಪುರಕ್ಕೆ ಬರುವ ಬಸ್ಸು ಹತ್ತುವಾಗ ಅವ್ವ ಬಿರೋಬಾ ದೇವರ ಭಂಡಾರವನ್ನು, ಆ ಅರಿಷಿಣದ ಪುಡಿಯನ್ನು, ಹಣೆಗೆ ಕೈತುಂಬ ಬಡಿದು ಕಳಿಸಿದ್ದಳು.

"ಆ ಹಳದಿ ಇದರಾಗ ಉದುರಿದ್ರ?" ಎಂದರು ಮೇಡಂ.

ಶುಭಾಂಗಿ ಓಡಿಹೋಗಿ ನಳದ ಕೆಳಗೆ ಬಗ್ಗಿ, ಹಣೆ ಉರಿಯುವಷ್ಟು ಸಾಬೂನು ಹಚ್ಚಿ ತಿಕ್ಕಿದಳು. ನೀಲಿ ದ್ರಾವಣದ ಹೊಸ ನಳಿಕೆಗಳನ್ನು ಮಂಜುಗಡ್ಡೆಯಲ್ಲಿಟ್ಟು ಒಂದಕ್ಕೆ ಕುದಿಸಿ ಕಿಣ್ವ ಸಾಯಿಸಿದ ರಸ, ಇನ್ನೊಂದಕ್ಕೆ ಹಸಿ ರಸ ಹಾಕಿದಳು. ಎರಡಕ್ಕೂ ಒಟ್ಟಿಗೇ ಸೋಡಾ ನೀರು ಸುರಿದಳು. ಕುದಿಸಿದ್ದು ಇನ್ನೂ ನೀಲಿಯಾಗಿಯೇ ಇತ್ತು. ಹಸಿ ರಸದ ನಳಿಕೆ ಹಳದಿಗೆ ಜಿಗಿದಿತ್ತು!

"ಅಗಂ ಬಾಈ!" ಎಂದು ಮರಾಠಿಯಲ್ಲಿ ಬೆರಗಿನಿಂದ ಕೂಗಿ ಮೇಡಂ ಗ್ಲೌಸು ಕಿತ್ತೆಸೆದರು. ಶುಭಾಂಗಿಯ ತೊಯ್ದ ಹಣೆಯನ್ನು ತಮ್ಮ ಸೆರಗಿನಿಂದಲೇ ಒರೆಸಿ, "ಚೀಲದಾಗ ಭಂಡಾರ ಅದ ಏನ? ತಗಿ, ಲವಕರ ತಗಿ" ಎಂದು ಅವಸರಪಡಿಸುತ್ತ ತಮ್ಮ ಹಣೆಯನ್ನು ಮುಂದೆ ಚಾಚಿದರು.

"ಮೊದಲ ನನಗ ಹಚ್ಚು."